ಹೊಸದಾಗಿ ಬಂದ ನಿರಾಶ್ರಿತರ ಆರೋಗ್ಯ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಿರಾಶ್ರಿತ ಕುಟುಂಬಗಳು ಹೊಸ ದೇಶಕ್ಕೆ ಬಂದ ಮೇಲೆ ಮೊದಲ ಆರೋಗ್ಯ ತಪಾಸಣೆ ನಡೆಯುವ ಒಂದು ಕ್ಲಿನಿಕ್‌ನಲ್ಲಿ ನಾನು ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಅಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಪ್ರಶ್ನೆಗಳು ಇವು. ಕೆಲವನ್ನು ಬಂದವರೇ ಕೇಳಿದ್ದು, ಕೆಲವನ್ನು ಅವರ ಜೊತೆ ಬಂದ ಸ್ವಯಂಸೇವಕರು ಕೇಳಿದ್ದು, ಒಂದೆರಡು ನೆರೆಹೊರೆಯವರದ್ದು. ನೀವು ಇಂಥ ಕುಟುಂಬವೊಂದಕ್ಕೆ ನೆರವಾಗುತ್ತಿದ್ದರೆ, ಅಥವಾ ಈ ಕೆಲಸಕ್ಕೆ ಈಗಷ್ಟೇ ಸೇರಿದ್ದರೆ, ನಿಮಗೆ ಉಪಯೋಗವಾಗಬಹುದು. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ ಇರುತ್ತವೆ. ತಪಾಸಣೆ ಕೋಣೆಯ ಒಳಗಿನ ಕೆಲಸ ಮಾತ್ರ ಬಹುಪಾಲು ಒಂದೇ.

ಈ ತಪಾಸಣೆ ಯಾಕೆ ಬೇಕು? ಅವರಿಗೇನೂ ಕಾಯಿಲೆ ಇಲ್ಲವಲ್ಲ?

ನೋಡೋಕೆ ಚೆನ್ನಾಗಿಯೇ ಇರುತ್ತಾರೆ, ನಿಜ. ಆದರೆ ತುಂಬ ಜನ ವರ್ಷಗಟ್ಟಲೆ ವೈದ್ಯರನ್ನೇ ಕಂಡಿರುವುದಿಲ್ಲ. ಕೆಲವು ಸೋಂಕುಗಳು ಮೈಯಲ್ಲಿ ಸುಮ್ನೆ ಕೂತಿರುತ್ತವೆ. ಹಲ್ಲು ಹುಳುಕಾಗಿರುತ್ತದೆ, ಬಿಪಿ ಏರಿರುತ್ತದೆ, ಮಗುವಿಗೆ ಅರ್ಧಕ್ಕೆ ನಿಂತ ಲಸಿಕೆ ಇರುತ್ತದೆ. ಹೊಸ ಊರಿನಲ್ಲಿ ಮನೆ, ಕೆಲಸ, ಶಾಲೆ ಅಂತ ಓಡಾಟ ಶುರುವಾದರೆ ಇವೆಲ್ಲ ಹಿಂದೆ ಬೀಳುತ್ತವೆ. ಅದಕ್ಕೇ ಮೊದಲಿಗೇ ಒಂದು ಸಲ ಪೂರ್ತಿ ನೋಡಿಬಿಡುವುದು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಹೊಸ ದೇಶದಲ್ಲಿ ಅವರು ಕಾಣುವ ಮೊದಲ ವೈದ್ಯಕೀಯ ಕೋಣೆ ಇದು. ಇಲ್ಲಿ ಅವರನ್ನು ಹೇಗೆ ನಡೆಸಿಕೊಳ್ಳುತ್ತೇವೋ ಅದನ್ನು ನೋಡಿಯೇ ಮುಂದೆ ಕಾಯಿಲೆ ಬಂದಾಗ ಬರಬೇಕಾ ಬೇಡವಾ ಅಂತ ಅವರು ತೀರ್ಮಾನಿಸುತ್ತಾರೆ.

ಏನಾದರೂ ಕಾಯಿಲೆ ಸಿಕ್ಕರೆ ವಾಪಸ್ ಕಳಿಸಿಬಿಡುತ್ತಾರಾ?

ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿ ಮಾತ್ರ ಎಲ್ಲರಿಗೂ ಇರುತ್ತದೆ. ಹಾಗಾಗಿ ಅವರು ಕೇಳುವ ಮೊದಲೇ ನಾವು ಉತ್ತರ ಹೇಳಬೇಕು.

ಎರಡು ಬೇರೆ ಬೇರೆ ತಪಾಸಣೆಗಳಿವೆ, ಗೊಂದಲ ಆಗುವುದೇ ಅಲ್ಲಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳು ಶಿಬಿರಗಳಿಂದ ಆರಿಸಿ ಕರೆಸಿಕೊಳ್ಳುವವರಿಗೆ ಹೊರಡುವ ಮೊದಲೇ ಒಂದು ತಪಾಸಣೆ ಆಗುತ್ತದೆ. ಅನೇಕ ಕಡೆ ಅದನ್ನು ನಡೆಸುವುದು ಐಒಎಂ, ಅಂದರೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ವೈದ್ಯರು. ಪ್ರಯಾಣದ ಅನುಮತಿಗೆ ಸಂಬಂಧಪಟ್ಟದ್ದು ಅದು. ಅಲ್ಲಿ ಬೇರೆಯವರಿಗೆ ಹರಡುವಂಥ ಟಿಬಿ ಸಿಕ್ಕರೆ ಚಿಕಿತ್ಸೆ ಆಗುವವರೆಗೆ ಪ್ರಯಾಣ ಮುಂದಕ್ಕೆ ಹೋಗುತ್ತದೆ.

ಬಂದಿಳಿದ ಮೇಲೆ ಆಗುವುದು ಬೇರೆ. ಅದು ಚಿಕಿತ್ಸೆಗಾಗಿ. ಇಲ್ಲಿ ಪಾಸು ಫೇಲು ಇಲ್ಲ. ಶುಗರ್ ಸಿಕ್ಕರೆ ಶುಗರ್‌ಗೆ ಮಾತ್ರೆ, ಹುಳು ಸಿಕ್ಕರೆ ಹುಳುವಿಗೆ ಮಾತ್ರೆ, ಅಷ್ಟೇ.

ಈ ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. 1892ರಲ್ಲಿ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಕೇಂದ್ರ ತೆರೆಯಿತು. ಅಲ್ಲಿ ವೈದ್ಯರು ಸಾಲಿನಲ್ಲಿ ನಡೆದು ಬರುವವರನ್ನು ನೋಡುತ್ತಲೇ ಅನುಮಾನ ಬಂದವರ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಿದ್ದರು. ಹೃದಯದ ತೊಂದರೆಗೆ ಒಂದು ಅಕ್ಷರ, ಕಣ್ಣಿಗೆ ಇನ್ನೊಂದು. ಟ್ರಕೋಮಾ ಅನ್ನುವ ಕಣ್ಣಿನ ಸೋಂಕು ಇದೆಯಾ ಅಂತ ನೋಡಲು ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆಯನ್ನು ಮಡಚುತ್ತಿದ್ದರು. ಆ ಅಕ್ಷರ ಬಿದ್ದವರಲ್ಲಿ ಕೆಲವರು ಬಂದ ಹಡಗಿನಲ್ಲೇ ವಾಪಸ್ ಹೋಗಬೇಕಾಯಿತು. ಬಿಳಿ ಕೋಟು ಹಾಕಿದವರು ಬಾಗಿಲು ಕಾಯುವವರೂ ಆಗಿದ್ದ ಕಾಲ ಅದು. ಜನ ಅದನ್ನು ಮರೆತಿಲ್ಲ.

ಯಾವಾಗ ಮಾಡಿಸಬೇಕು?

ಬೇಗ. ಅಮೆರಿಕದಲ್ಲಿ ಬಂದ 90 ದಿನಗಳೊಳಗೆ ಮಾಡಿಸಿ ಅನ್ನುತ್ತಾರೆ. ಗರ್ಭಿಣಿಯರು, ಪುಟ್ಟ ಮಕ್ಕಳು, ದಿನಾ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಷ್ಟು ದಿನ ಕಾಯಬಾರದು. ಜ್ವರ, ವಾರಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ ಇದ್ದರೆ ತಪಾಸಣೆಯ ದಿನಕ್ಕೆ ಕಾಯುವ ಮಾತೇ ಇಲ್ಲ, ಅವತ್ತೇ ವೈದ್ಯರಿಗೆ ತೋರಿಸಿ. ಮಲೇರಿಯಾ ಇರುವ ಪ್ರದೇಶದಿಂದ ಬಂದವರಿಗೆ ಜ್ವರ ಬಂದರೆ ಮೊದಲು ಅದನ್ನೇ ಹೇಳಿ. ಹೊಸ ಊರಿನ ವೈದ್ಯರಿಗೆ ಮಲೇರಿಯಾ ತಟ್ಟನೆ ಹೊಳೆಯದೇ ಇರಬಹುದು.

ಬರುವಾಗ ಏನು ತರಬೇಕು?

ಕಾಗದ ಅಂತ ಏನಿದೆಯೋ ಎಲ್ಲ. ಎಕ್ಸ್‌ರೇ, ಲಸಿಕೆ ಕಾರ್ಡು, ಹೊರಡುವ ಮೊದಲು ಕೊಟ್ಟ ಚೀಲದ ಫೈಲು, ಮಾತ್ರೆಗಳ ಖಾಲಿ ಸ್ಟ್ರಿಪ್ ಕೂಡ.

ಒಬ್ಬ ತಾಯಿ ತಂದಿದ್ದ ಲಸಿಕೆ ಕಾರ್ಡು ನನಗೆ ಈಗಲೂ ಕಣ್ಣ ಮುಂದಿದೆ. ಮೂರು ಪ್ಲಾಸ್ಟಿಕ್ ಕವರು, ಒಂದರೊಳಗೊಂದು. ಮಡಿಕೆ ಬಿಚ್ಚಿದರೆ ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದು, ಟೇಪು ಹಚ್ಚಿ, ಆ ಟೇಪೂ ಹಳದಿಯಾಗಿತ್ತು. ಮನೆಯಿಂದ ಬೇರೇನೂ ತರಲು ಅವರಿಗೆ ಆಗಿರಲಿಲ್ಲ. ಅಂಥ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ನಕಲು ಮಾಡಿಕೊಂಡು ಮೂಲವನ್ನು ಅವರ ಕೈಗೇ ವಾಪಸ್ ಕೊಡಿ.

ತಾರೀಖು ಓದುವಾಗ ಜೋಪಾನ. ಇಥಿಯೋಪಿಯಾದ ಪಂಚಾಂಗದಲ್ಲಿ 13 ತಿಂಗಳು, ವರ್ಷದ ಎಣಿಕೆ ನಮ್ಮದಕ್ಕಿಂತ 7-8 ಹಿಂದೆ. ನೇಪಾಳದ ವಿಕ್ರಮ ಸಂವತ್ ಸುಮಾರು 57 ವರ್ಷ ಮುಂದೆ. ಅಫ್ಘಾನಿಸ್ತಾನದ ಕಾಗದಗಳಲ್ಲಿ ಸೌರ ಹಿಜರಿ ವರ್ಷ ಇರಬಹುದು, ಅದು 621-622 ವರ್ಷ ಹಿಂದೆ. ಇದು ಗೊತ್ತಿಲ್ಲದಿದ್ದರೆ ಸರಿಯಾಗಿರುವ ಕಾರ್ಡನ್ನೇ ತಪ್ಪು ಅಂದುಬಿಡುತ್ತೇವೆ. ಇನ್ನೊಂದು, ಒಂದೇ ಮನೆಯ ಐದು ಜನಕ್ಕೂ ಜನವರಿ 1 ಹುಟ್ಟಿದ ದಿನ ಅಂತ ಬರೆದಿದ್ದರೆ ಅನುಮಾನ ಪಡಬೇಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ನೋಂದಣಿ ಮಾಡುವಾಗ ಅಧಿಕಾರಿಗಳೇ ಆ ದಿನ ಹಾಕುತ್ತಾರೆ. ಮಗುವಿನ ತೂಕ ಎತ್ತರ ಅಳೆಯುವಾಗ ಮಾತ್ರ ತಾಯಿಯನ್ನು ಕೇಳಿ: ಮಳೆಗಾಲದಲ್ಲಿ ಹುಟ್ಟಿದ್ದಾ, ಕೊಯ್ಲಿಗೆ ಮೊದಲಾ, ಆಮೇಲಾ? ಆರು ತಿಂಗಳ ವ್ಯತ್ಯಾಸ ಪುಟ್ಟ ಮಗುವಿನ ವಿಷಯದಲ್ಲಿ ಸಣ್ಣದಲ್ಲ.

ಏನೇನು ನೋಡುತ್ತಾರೆ?

ಮೊದಲು ಮಾತು. ಎಲ್ಲಿಂದ ಬಂದಿರಿ, ದಾರಿಯಲ್ಲಿ ಎಲ್ಲೆಲ್ಲಿ ಇದ್ದಿರಿ, ಯಾವ ನೀರು ಕುಡಿದಿರಿ, ಈಗ ಏನು ತೊಂದರೆ. ಆಮೇಲೆ ಎತ್ತರ, ತೂಕ, ಬಿಪಿ, ಕಣ್ಣು, ಕಿವಿ, ಹಲ್ಲು, ಚರ್ಮ, ಎದೆ, ಹೊಟ್ಟೆ. ರಕ್ತ, ಮೂತ್ರ, ಕೆಲವರಿಗೆ ಮಲ ಪರೀಕ್ಷೆ. ಹಿಂದೆ ಎಕ್ಸ್‌ರೇ ಆಗಿಲ್ಲದಿದ್ದರೆ, ಟಿಬಿ ಅನುಮಾನವಿದ್ದರೆ ಎದೆಯ ಎಕ್ಸ್‌ರೇ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ವಯಸ್ಸು, ಬಂದ ದಾರಿ, ಹಿಂದೆ ಆದ ಚಿಕಿತ್ಸೆ ನೋಡಿ ತೀರ್ಮಾನಿಸುತ್ತಾರೆ.

ಒಂದು ಸಲಹೆ. ಪಟ್ಟಿ ಹಿಡಿದು ಶುರು ಮಾಡುವ ಮೊದಲು "ನಿಮಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುತ್ತಿರುವುದು ಯಾವುದು?" ಅಂತ ಕೇಳಿ. ನಾವು ಟಿಬಿ ಹುಡುಕುತ್ತಿರುತ್ತೇವೆ, ಅವರು ಹಲ್ಲುನೋವಿಗೆ ಮೂರು ರಾತ್ರಿಯಿಂದ ನಿದ್ದೆ ಮಾಡಿರುವುದಿಲ್ಲ.

ಇಷ್ಟೊಂದು ರಕ್ತ ಯಾಕೆ ತೆಗೆಯುತ್ತಾರೆ?

ಸಾಲಾಗಿ ಐದಾರು ಟ್ಯೂಬು ಕಂಡರೆ ಯಾರಿಗಾದರೂ ಗಾಬರಿಯೇ. ರಕ್ತವನ್ನು ಮಾರುತ್ತಾರೆ ಅನ್ನುವ ಮಾತು ಕೇಳಿ ಬಂದವರೂ ಇರುತ್ತಾರೆ.

ಒಬ್ಬ ಅಜ್ಜಿ ತೋಳು ಚಾಚಲು ಒಪ್ಪಲೇ ಇಲ್ಲ. ದುಭಾಷಿ ಎರಡು ಸಲ ವಿವರಿಸಿದರು, ಆಗಲಿಲ್ಲ. ಆಗ ಪಕ್ಕದ ಕೋಣೆಯಿಂದ ಒಂದು ಚಹಾ ಚಮಚ ತಂದು, ಖಾಲಿ ಟ್ಯೂಬಿಗೆ ನೀರು ತುಂಬಿ, ಅವರ ಮುಂದೆಯೇ ಚಮಚಕ್ಕೆ ಸುರಿದು ತೋರಿಸಿದೆ. ಒಂದು ಟ್ಯೂಬಿಗೆ ಒಂದು ಚಮಚ ತುಂಬಲಿಲ್ಲ. "ಒಟ್ಟು ಐದು ಚಮಚದ ಒಳಗೆ ಅಜ್ಜಿ, ನಿಮ್ಮ ಮೈಯಲ್ಲಿ ನಾಲ್ಕು ಲೀಟರಿನಷ್ಟು ಇದೆ" ಅಂದೆ. ಚಮಚವನ್ನು ಸ್ವಲ್ಪ ಹೊತ್ತು ನೋಡಿ, ತೋಳಿನ ಬಟ್ಟೆಯನ್ನು ಅವರೇ ಮೇಲೆತ್ತಿದರು.

ಟ್ಯೂಬುಗಳು ಬೇರೆ ಬೇರೆ ಯಾಕೆ ಅಂದರೆ, ಒಳಗಿನ ಔಷಧಿ ಬೇರೆ. ಒಂದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ಇನ್ನೊಂದರಲ್ಲಿ ಗಟ್ಟಬಾರದು. ರಕ್ತಹೀನತೆಗೆ ಒಂದು, ಕಾಮಾಲೆ ವೈರಸ್‌ಗಳಿಗೆ ಒಂದು, ಟಿಬಿ ಪರೀಕ್ಷೆಗೆ ಬೇರೆಯೇ ಟ್ಯೂಬುಗಳು. ಅದನ್ನು ಅವರಿಗೂ ಹೇಳಿ.

ಟಿಬಿ ಪರೀಕ್ಷೆ ಪಾಸಿಟಿವ್ ಬಂತು. ಈಗ ಮನೆಯವರಿಗೆಲ್ಲ ಅಂಟುತ್ತದಾ?

ಪಾಸಿಟಿವ್ ಅಂದ ಕೂಡಲೇ ಟಿಬಿ ಕಾಯಿಲೆ ಅಂತಲ್ಲ. ಪ್ರಪಂಚದ ಜನರಲ್ಲಿ ಸುಮಾರು ಕಾಲು ಭಾಗಕ್ಕೆ ಟಿಬಿ ರೋಗಾಣು ಮೈಗೆ ಸೇರಿದೆ. ಅವರಲ್ಲಿ 100ಕ್ಕೆ 5ರಿಂದ 10 ಜನಕ್ಕೆ ಮಾತ್ರ ಜೀವಮಾನದಲ್ಲಿ ಯಾವತ್ತಾದರೂ ಕಾಯಿಲೆಯಾಗಿ ಏಳುತ್ತದೆ. ರೋಗಾಣು ಮಲಗಿರುವಷ್ಟು ಕಾಲ ಅದು ಯಾರಿಗೂ ಹರಡುವುದಿಲ್ಲ. ಒಟ್ಟಿಗೆ ಊಟ ಮಾಡಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಎದೆಯ ಎಕ್ಸ್‌ರೇ ಮಾಡಿ, ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ಪರೀಕ್ಷೆಯಲ್ಲಿ ಎರಡು ಬಗೆ. ಮುಂಗೈ ಚರ್ಮದ ಒಳಗೆ ಚುಚ್ಚುವುದು ಒಂದು. 48ರಿಂದ 72 ಗಂಟೆ ಒಳಗೆ ವಾಪಸ್ ಬಂದು ತೋರಿಸಬೇಕು. ಅಳೆಯುವುದು ಗಟ್ಟಿಯಾದ ಉಬ್ಬನ್ನು, ಸುತ್ತಲಿನ ಕೆಂಪನ್ನಲ್ಲ. ಹೊಸಬರು ಈ ತಪ್ಪು ತುಂಬ ಮಾಡುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ, ಅಂದರೆ ಟಿಬಿ ಲಸಿಕೆ, ಹಾಕಿಸಿಕೊಂಡವರಲ್ಲಿ ಇದು ಸುಳ್ಳು ಪಾಸಿಟಿವ್ ತೋರಿಸಬಹುದು. ಎರಡನೆಯದು ರಕ್ತಪರೀಕ್ಷೆ. ಬಿಸಿಜಿ ಅದಕ್ಕೆ ಅಡ್ಡ ಬರುವುದಿಲ್ಲ, ಇನ್ನೊಂದು ಸಲ ಬರಬೇಕಾಗಿಯೂ ಇಲ್ಲ. ಬಸ್ಸು ಹಿಡಿಯಲು ಇನ್ನೂ ಕಲಿಯುತ್ತಿರುವ ಕುಟುಂಬಕ್ಕೆ ಆ ಒಂದು ಓಡಾಟ ತಪ್ಪಿದರೂ ದೊಡ್ಡ ಉಪಕಾರ.

ಮಲಗಿರುವ ಟಿಬಿಗೂ ಮಾತ್ರೆ ಇದೆ. ವಾರಕ್ಕೊಮ್ಮೆ, ಒಟ್ಟು 12 ವಾರ ನುಂಗುವ ಕ್ರಮ ಒಂದು. ದಿನಾ ರಿಫಾಂಪಿಸಿನ್ ಮಾತ್ರೆ 4 ತಿಂಗಳು ನುಂಗುವುದು ಇನ್ನೊಂದು. ಈ ಮಾತ್ರೆಯ ಬಗ್ಗೆ ಮೊದಲೇ ಹೇಳಬೇಕಾದದ್ದು ಇದೆ: ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೇಳದೇ ಕಳಿಸಿದರೆ ಮೂತ್ರದಲ್ಲಿ ರಕ್ತ ಹೋಗುತ್ತಿದೆ ಅಂದುಕೊಂಡು ಮಾತ್ರೆಯನ್ನು ಚೆಲ್ಲುತ್ತಾರೆ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ತಗ್ಗಿಸುತ್ತದೆ. ಈ ಮಾತನ್ನು ಹೆಂಗಸರಿಗೆ ಒಬ್ಬರೇ ಇದ್ದಾಗ ಹೇಳಿ.

ಹೆಪಟೈಟಿಸ್ ಬಿ ಯಾಕೆ ಎಲ್ಲರಿಗೂ ನೋಡುತ್ತಾರೆ?

2022ರಲ್ಲಿ ಪ್ರಪಂಚದಲ್ಲಿ ಸುಮಾರು 25.4 ಕೋಟಿ ಜನ ಇದನ್ನು ಮೈಯಲ್ಲಿ ಹೊತ್ತಿದ್ದರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಹುಪಾಲು ಜನಕ್ಕೆ ಅದು ಗೊತ್ತೇ ಇಲ್ಲ. ಲಿವರ್ ಒಳಗೊಳಗೇ ಕೆಡುತ್ತಾ ಹೋಗುತ್ತದೆ, ಕೆಲವರಿಗೆ ಕ್ಯಾನ್ಸರ್‌ವರೆಗೂ ಹೋಗುತ್ತದೆ. ರಕ್ತ, ಲೈಂಗಿಕ ಸಂಬಂಧ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಹೀಗೆ ಹರಡುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಹರಡುವುದಿಲ್ಲ. ಬ್ರಷ್ಷು, ಬ್ಲೇಡು ಮಾತ್ರ ಹಂಚಿಕೊಳ್ಳಬಾರದು.

ಸೋಂಕು ಇದ್ದವರಿಗೆ ಆಗಾಗ ಪರೀಕ್ಷೆ, ಬೇಕಾದರೆ ಮಾತ್ರೆ. ಮನೆಯ ಉಳಿದವರಿಗೆ ಪರೀಕ್ಷೆ, ಸೋಂಕಿಲ್ಲದವರಿಗೆ ಲಸಿಕೆ. ಗರ್ಭಿಣಿಗೆ ಸೋಂಕಿದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಲೇಬೇಕು. ಈ ಒಂದು ಫಲಿತಾಂಶ ಹೆರಿಗೆ ಆಸ್ಪತ್ರೆಗೆ ತಲುಪಿದೆಯಾ ಅಂತ ನಾನು ಯಾವಾಗಲೂ ಫೋನ್ ಮಾಡಿ ಕೇಳುತ್ತಿದ್ದೆ. ಕಾಗದ ತಲುಪಿರುತ್ತದೆ ಅಂತ ನಂಬಿ ಕೂರಬೇಡಿ.

ಎಚ್‌ಐವಿ ಇದ್ದರೆ ದೇಶದಿಂದ ಹೊರಗೆ ಹಾಕುತ್ತಾರಾ?

ಅಮೆರಿಕದಲ್ಲಿ ಎಚ್‌ಐವಿ ಕಾರಣಕ್ಕೆ ಪ್ರವೇಶ ತಡೆಯುವ ನಿಯಮ ಇತ್ತು. 2010ರ ಜನವರಿಯಲ್ಲಿ ಅದು ರದ್ದಾಯಿತು. ಹಳೆಯ ಸುದ್ದಿ ಶಿಬಿರಗಳಲ್ಲಿ ಇನ್ನೂ ಓಡಾಡುತ್ತದೆ, ಹಾಗಾಗಿ ಪರೀಕ್ಷೆಗೆ ಮೊದಲೇ ಸ್ಪಷ್ಟ ಮಾಡಿ. ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿ. ದಿನಾ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕವಾಗಿ ಇದು ಹರಡುವುದಿಲ್ಲ. ಇದನ್ನು ಮೊದಲ ಸಲ ಕೇಳಿದವರ ಮುಖ ನೋಡಿದ್ದೇನೆ. ಎಷ್ಟೋ ವರ್ಷದ ಭಾರ ಇಳಿದ ಹಾಗೆ ಇರುತ್ತದೆ.

ಹೊಟ್ಟೆಹುಳುವಿಗೆ ಹೊರಡುವ ಮೊದಲೇ ಮಾತ್ರೆ ಕೊಟ್ಟಿದ್ದರಲ್ಲ, ಮತ್ತೆ ಯಾಕೆ?

ಅಮೆರಿಕಕ್ಕೆ ಬರುವ ನಿರಾಶ್ರಿತರಿಗೆ ವಿಮಾನ ಹತ್ತುವ ಮೊದಲೇ ಆಲ್ಬೆಂಡಜೋಲ್ ಕೊಡುವುದು 1999ರಲ್ಲಿ ಶುರುವಾಯಿತು. ಒಂದೇ ಡೋಸಿಗೆ ದುಂಡುಹುಳು, ಕೊಕ್ಕೆಹುಳು ಬಹುಮಟ್ಟಿಗೆ ಹೋಗುತ್ತವೆ. ಎಲ್ಲ ಹುಳುವಿಗೂ ಅದು ಸಾಲದು.

ನಾನು ಮರೆಯಬೇಡಿ ಅನ್ನುವ ಹುಳು ಸ್ಟ್ರಾಂಗಿಲಾಯ್ಡಿಸ್. ಮಣ್ಣಿನಿಂದ, ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ. ಬೇರೆ ಹುಳುಗಳಂತೆ ಕೆಲವು ವರ್ಷಕ್ಕೆ ಸಾಯುವುದಿಲ್ಲ. ಮೈಯೊಳಗೇ ಮರಿಮಾಡಿ ಮತ್ತೆ ಅದೇ ಮೈಯನ್ನು ಹೊಕ್ಕು ದಶಕಗಟ್ಟಲೆ ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್-ಬರ್ಮಾ ರೈಲು ಹಾದಿ ಕಟ್ಟಲು ಹಚ್ಚಿದ ಯುದ್ಧಕೈದಿಗಳಲ್ಲಿ, ಅವರು ಮನೆಗೆ ಮರಳಿ ಮೂವತ್ತು ವರ್ಷದ ಮೇಲೂ ಈ ಹುಳು ಸಿಕ್ಕಿತ್ತು. ಸಾಮಾನ್ಯವಾಗಿ ಅಂಥ ತೊಂದರೆಯೇನೂ ಕೊಡುವುದಿಲ್ಲ. ಸ್ವಲ್ಪ ತುರಿಕೆ, ಸ್ವಲ್ಪ ಹೊಟ್ಟೆನೋವು. ಆದರೆ ಅದೇ ವ್ಯಕ್ತಿಗೆ ಮುಂದೆ ಯಾವತ್ತೋ ಆಸ್ತಮಾಗೆ ಸ್ಟೀರಾಯ್ಡ್ ಕೊಟ್ಟರೆ ಹುಳುಗಳು ಮಿತಿಮೀರಿ ಹೆಚ್ಚಿ ಮೈಯೆಲ್ಲ ಹರಡುತ್ತವೆ, ಜೀವಕ್ಕೇ ಕುತ್ತು. ಈಗ ಕೊಡುವ ಐವರ್‌ಮೆಕ್ಟಿನ್ ಆ ಅಪಾಯವನ್ನು ತಪ್ಪಿಸುತ್ತದೆ.

ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಕೆಲವು ದೇಶಗಳಿಂದ ಬಂದವರಿಗೆ ಮಾತ್ರ ಈ ಮಾತ್ರೆಯನ್ನು ಸುಮ್ಮನೆ ಕೊಡಬಾರದು. ಅಲ್ಲಿ ಲೋವಾ ಲೋವಾ ಅನ್ನುವ ಇನ್ನೊಂದು ಹುಳು ಇದೆ. ರಕ್ತದಲ್ಲಿ ಅದು ವಿಪರೀತ ಇದ್ದಾಗ ಐವರ್‌ಮೆಕ್ಟಿನ್ ಕೊಟ್ಟರೆ ಮೆದುಳಿಗೆ ಪೆಟ್ಟಾಗಬಹುದು. ಮೊದಲು ರಕ್ತ ನೋಡಬೇಕು. ಎಲ್ಲಿಂದ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ ಅಂತ ಅಷ್ಟು ಕೇಳುವುದು ಇದಕ್ಕೇ.

ಲಸಿಕೆ ಕಾರ್ಡು ಕಳೆದುಹೋಗಿದೆ. ಎಲ್ಲ ಮೊದಲಿಂದ ಹಾಕಿಸಬೇಕಾ?

ಬರಹದಲ್ಲಿ ದಾಖಲೆ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ. ಕೆಲವು ಲಸಿಕೆಗಳಿಗೆ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಅಂತ ನೋಡಬಹುದು. ಇನ್ನೊಂದು ಡೋಸು ಹೆಚ್ಚು ಬಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬೀಳದೇ ಉಳಿದರೆ ತೊಂದರೆ. ಕಾರ್ಡು ಇದ್ದು, ನಡುವೆ ವರ್ಷಗಳ ಅಂತರ ಬಿದ್ದಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ದಡಾರ ಲಸಿಕೆಯ ವಿಷಯದಲ್ಲಿ ಒಂದು ಜಾಣತನ ಬೇಕು. ಅದನ್ನು ಹಾಕಿದ ಮೇಲೆ ಸುಮಾರು 4 ವಾರ ಟಿಬಿ ಪರೀಕ್ಷೆ ಸರಿಯಾದ ಫಲಿತಾಂಶ ಕೊಡದೇ ಇರಬಹುದು. ಎರಡನ್ನೂ ಒಂದೇ ದಿನ ಮುಗಿಸಿ, ಇಲ್ಲ 4 ವಾರ ಬಿಡಿ. ಕಿಕ್ಕಿರಿದ ಶಿಬಿರಗಳಲ್ಲಿ ಲಸಿಕೆಗೆ ಯಾಕಿಷ್ಟು ಆತುರ ಅನ್ನುವವರಿಗೆ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಉದಾಹರಣೆ. 2017ರ ಕೊನೆಗೆ ಅಲ್ಲಿ ರೋಹಿಂಗ್ಯಾ ಶಿಬಿರಗಳಲ್ಲಿ ಗಂಟಲಮಾರಿ (ಡಿಫ್ತೀರಿಯಾ) ಹಬ್ಬಿತು. ಎಷ್ಟೋ ವೈದ್ಯರು ಪುಸ್ತಕದಲ್ಲಿ ಮಾತ್ರ ಓದಿದ್ದ ಕಾಯಿಲೆ ಅದು.

ಮಕ್ಕಳಿಗೆ ಬೇರೆ ಏನು ನೋಡಬೇಕು?

ಶಿಬಿರಕ್ಕೆ ಈಗಷ್ಟೇ ಬಂದ ಮಗುವಾದರೆ ಮೊದಲು ತೋಳಿನ ಸುತ್ತಳತೆ. ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ, ಬೆರಳಗಲ. 6 ತಿಂಗಳಿಂದ 5 ವರ್ಷದ ಮಗುವಿನ ಎಡ ತೋಳಿನ ನಡುವೆ ಸುತ್ತುತ್ತಾರೆ. 115 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ತಕ್ಷಣ ಚಿಕಿತ್ಸೆ. 125ರವರೆಗೆ ಹಳದಿ. ಸಾವಿರ ಮಕ್ಕಳ ಸಾಲಿನಲ್ಲಿ ಯಾರನ್ನು ಮೊದಲು ಎತ್ತಿಕೊಂಡು ಓಡಬೇಕು ಅಂತ ಆ ಪಟ್ಟಿ ಕ್ಷಣದಲ್ಲಿ ಹೇಳುತ್ತದೆ.

ನೆಲೆ ನಿಲ್ಲುವ ದೇಶಕ್ಕೆ ಬಂದ ಮಕ್ಕಳಲ್ಲಿ ರಕ್ತಹೀನತೆ, ಹಲ್ಲು, ಕಣ್ಣು, ಕಿವಿ ನೋಡಬೇಕು. ಇನ್ನೊಂದು ರಕ್ತದಲ್ಲಿ ಸೀಸ (ಲೆಡ್). ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಪಾಯ ಹಿಂದಿನ ಊರಿನಲ್ಲೇ ಇತ್ತು ಅಂದುಕೊಂಡು ತುಂಬ ಜನ ಸುಮ್ಮನಾಗುತ್ತಾರೆ. 2000ನೇ ಇಸವಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಸುಡಾನ್ ಮೂಲದ ಎರಡು ವರ್ಷದ ನಿರಾಶ್ರಿತ ಹುಡುಗಿ ಸೀಸದ ವಿಷದಿಂದ ತೀರಿಕೊಂಡಳು. ಬಂದು ಕೆಲವೇ ವಾರ ಆಗಿತ್ತು. ವಿಷ ಇದ್ದದ್ದು ಅವರಿಗೆ ಸಿಕ್ಕ ಹೊಸ ಮನೆಯಲ್ಲಿ, ಉದುರುತ್ತಿದ್ದ ಹಳೆಯ ಬಣ್ಣದಲ್ಲಿ. ಯುದ್ಧ ದಾಟಿ ಬಂದ ಮಗು ಗೋಡೆಯ ಬಣ್ಣದಿಂದ ಹೋಯಿತು. ನನಗೆ ಇದನ್ನು ಬರೆಯುವಾಗಲೂ ಹೊಟ್ಟೆ ಹಿಂಡುತ್ತದೆ.

ಅದಕ್ಕೇ ಬಂದಾಗ ಒಂದು ಸಲ, 3ರಿಂದ 6 ತಿಂಗಳ ಮೇಲೆ ಪುಟ್ಟ ಮಕ್ಕಳಿಗೆ ಇನ್ನೊಂದು ಸಲ ಸೀಸ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ರಕ್ತದಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಸಿಕ್ಕರೇ ಎಚ್ಚರಿಕೆ ಅನ್ನುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವ ಮಗು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಕೆಲವು ಬಗೆಯ ಸುರ್ಮಾ, ಕಾಡಿಗೆ, ಕೆಲವು ನಾಟಿ ಔಷಧಿ, ಮೆರುಗು ಹಚ್ಚಿದ ಮಣ್ಣಿನ ಪಾತ್ರೆ, ಕೆಲವು ಅಲ್ಯುಮಿನಿಯಂ ಪಾತ್ರೆಗಳಲ್ಲೂ ಸೀಸ ಇರಬಹುದು. ಕೇಳುವಾಗ ತಾಯಿಯ ಮೇಲೆ ತಪ್ಪು ಹೊರಿಸುವ ದನಿ ಬೇಡ. ಮಗುವಿನ ಕಣ್ಣಿಗೆ ಒಳ್ಳೆಯದಾಗಲಿ ಅಂತಲೇ ಅವರು ಹಚ್ಚಿದ್ದು.

ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಮುಗೀತಲ್ಲ?

ಯಾವಾಗಲೂ ಅಲ್ಲ. ಕೊಕ್ಕೆಹುಳು, ಮಲೇರಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ಕಾಯಿಲೆಯಂಥ ಹುಟ್ಟಿನಿಂದ ಬರುವ ರಕ್ತದ ತೊಂದರೆ, ಕಾರಣಗಳು ಹಲವು. ನೇಪಾಳದ ಶಿಬಿರಗಳಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದು ಅಮೆರಿಕಕ್ಕೆ ಬಂದ ಭೂತಾನ್ ಮೂಲದವರಲ್ಲಿ ಬಿ12 ವಿಟಮಿನ್ ಕೊರತೆ ತುಂಬ ಕಂಡುಬಂತು. ಅವರಿಗೆ ಸಿಗುತ್ತಿದ್ದ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು ಇಲ್ಲವೆನ್ನುವಷ್ಟು ಕಡಿಮೆ. ಕಾಲು ಜುಮ್ಮೆನ್ನುತ್ತದೆ, ಮರೆವು, ಬೇಸರ ಅಂದವರನ್ನು ಬರೀ ಚಿಂತೆ ಅಂತ ಕಳಿಸದೆ ಒಂದು ಸಲ ಬಿ12 ನೋಡಿ.

ಮನಸ್ಸಿನ ಬಗ್ಗೆಯೂ ಕೇಳುತ್ತಾರಾ? ಹಳೆಯದನ್ನೆಲ್ಲ ಹೇಳಲೇಬೇಕಾ?

ಕೇಳಬೇಕು. ಹೇಳಲೇಬೇಕಿಲ್ಲ.

ಯುದ್ಧ ಕಂಡ ಪ್ರದೇಶಗಳ ಜನರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕದಂಥ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿತು. ಅಂದರೆ ಬಹುಪಾಲು ಜನ ತಮ್ಮ ಕಾಲ ಮೇಲೆ ತಾವು ನಿಂತಿರುತ್ತಾರೆ. ಎಲ್ಲರನ್ನೂ ಮುರಿದುಹೋದವರು ಅಂತ ನೋಡುವುದು ತಪ್ಪು. ಆ ಒಬ್ಬರು ಯಾರು ಅಂತ ಗೊತ್ತಾಗದೇ ಹೋಗುವುದೂ ತಪ್ಪು.

ಇದಕ್ಕೆಂದೇ ಮಾಡಿದ ಆರ್‌ಎಚ್‌ಎಸ್-15 ಅನ್ನುವ 15 ಪ್ರಶ್ನೆಗಳ ಹಾಳೆ ಇದೆ. 14 ವರ್ಷ ಮೇಲ್ಪಟ್ಟವರಿಗೆ. ಏನಾಯಿತು ಅಂತ ಅದು ಕೆದಕುವುದಿಲ್ಲ. ಈಗ ಹೇಗಿದ್ದೀರಿ ಅನ್ನುತ್ತದೆ. ಮೈಕೈ ನೋವು, ಅಳು ಬರುವುದು, ಹಳೆಯದು ಮತ್ತೆ ನಡೆದಂತೆ ಆಗುವುದು, ತಡೆದುಕೊಳ್ಳಲು ಆಗುತ್ತಿದೆಯಾ ಅಂತ. ತುಂಬ ಭಾಷೆಗಳಲ್ಲಿ ಖಿನ್ನತೆಗೆ ದಿನಬಳಕೆಯ ಮಾತೇ ಇಲ್ಲ. ತಲೆ ಭಾರ, ಎದೆ ಉರಿ, ಜಾಸ್ತಿ ಯೋಚನೆ, ಹೀಗೆ ಹೇಳುತ್ತಾರೆ. ನಿದ್ದೆ ಹೇಗಿದೆ ಅಂತ ಕೇಳಿ, ಅಲ್ಲಿಂದ ಮಾತು ತಾನೇ ಬರುತ್ತದೆ.

ಹಿಂಸೆ ಅನುಭವಿಸಿದವರಿಗೆ ನಮ್ಮ ಸಾಮಾನ್ಯ ಕೆಲಸವೇ ಭಯ ಹುಟ್ಟಿಸಬಹುದು. ಎದೆಗೆ ಇಸಿಜಿ ತಂತಿ ಅಂಟಿಸುವುದು, ಹಲ್ಲಿನ ಕುರ್ಚಿಯಲ್ಲಿ ಹಿಂದಕ್ಕೆ ಮಲಗಿಸಿ ಮುಖಕ್ಕೆ ದೀಪ ಬಿಡುವುದು, ಬಾಗಿಲು ಚಿಲಕ ಹಾಕುವುದು. ಬಾಗಿಲ ಕಡೆಗೆ ಮುಖ ಇರುವ ಕುರ್ಚಿ ಕೊಡಿ. ಮುಟ್ಟುವ ಮೊದಲು ಹೇಳಿ. ಕೈ ಎತ್ತಿದರೆ ನಿಲ್ಲಿಸುತ್ತೇನೆ ಅನ್ನಿ, ಎತ್ತಿದಾಗ ನಿಜಕ್ಕೂ ನಿಲ್ಲಿಸಿ.

ಮನೆಯ ಹುಡುಗನಿಗೇ ಭಾಷೆ ಬರುತ್ತದೆ. ದುಭಾಷಿ ಯಾಕೆ?

ಹುಡುಗನಿಂದ ಮಾತಾಡಿಸುವುದು ಬೇಡವೇ ಬೇಡ. ನಾನು ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ದುಭಾಷಿ ಸಿಗಲಿಲ್ಲ ಅಂತ ಹನ್ನೊಂದು ವರ್ಷದ ಹುಡುಗಿಯನ್ನು ಕೂರಿಸಿ ಅವಳ ಅಮ್ಮನ ಜೊತೆ ಮಾತಾಡಿಸಿದರು. "ಎಷ್ಟು ಸಲ ಬಸುರಿಯಾಗಿದ್ದರು, ಎಷ್ಟು ಉಳಿದವು?" ಅಂತ ಡಾಕ್ಟರ್ ಕೇಳಿದರು. ಹುಡುಗಿ ಅಮ್ಮನ ಕಡೆ ತಿರುಗಿ ಏನೋ ಕೇಳಿದಳು. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗಿ "ನಾನೊಬ್ಬಳೇ" ಅಂದಳು. ನಿಜಕ್ಕೂ ಇನ್ನಿಬ್ಬರು ಇದ್ದರು ಅಂತ ಗೊತ್ತಾದದ್ದು ತಿಂಗಳುಗಳ ಮೇಲೆ, ಒಬ್ಬ ಹೆಣ್ಣು ದುಭಾಷಿ ಸಿಕ್ಕಾಗ. ಆ ದಿನ ನಾನು ಬಾಯಿ ಬಿಟ್ಟು ಬೇಡ ಅನ್ನಬೇಕಿತ್ತು.

ತರಬೇತಿ ಪಡೆದ ದುಭಾಷಿಯನ್ನು ಕೇಳುವುದು ಅವರ ಹಕ್ಕು. ಎದುರಿಗೆ ಸಿಗದಿದ್ದರೆ ಫೋನಿನಲ್ಲಾದರೂ ಸರಿ. ಫೋನ್ ದುಭಾಷಿಯಲ್ಲಿ ಒಂದು ಅನುಕೂಲವೂ ಇದೆ: ಚಿಕ್ಕ ಸಮುದಾಯದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುತ್ತಾರೆ, ದೂರದವರಾದರೆ ಸಂಕೋಚ ಕಡಿಮೆ. ಭಾಷೆ ಒಂದೇ ಆದರೂ ಯುದ್ಧದಲ್ಲಿ ಎದುರು ಬದಿಯಲ್ಲಿದ್ದ ಗುಂಪಿನವರು ದುಭಾಷಿಯಾಗಿ ಬರಬಹುದು. ಇವರು ನಿಮಗೆ ಸರಿಯಾ ಅಂತ ಕೇಳಿ. ಮಾತಾಡುವಾಗ ದುಭಾಷಿಯ ಮುಖ ನೋಡಬೇಡಿ, ಅವರ ಮುಖ ನೋಡಿ ಮಾತಾಡಿ.

ಗರ್ಭಿಣಿಯರಿಗೆ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ರಕ್ತಪರೀಕ್ಷೆಗಳಿಗೆ ತೊಂದರೆಯಿಲ್ಲ. ದಡಾರದಂಥ ಜೀವಂತ ಲಸಿಕೆಗಳನ್ನು (ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವಂಥವು) ಹೆರಿಗೆಯ ನಂತರಕ್ಕೆ ಬಿಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡುವುದಿಲ್ಲ. ಎಕ್ಸ್‌ರೇ ಬೇಕೇ ಬೇಕಾದರೆ ಹೊಟ್ಟೆಗೆ ರಕ್ಷಣೆ ಕೊಟ್ಟು ತೆಗೆಯುತ್ತಾರೆ. ಹೆಣ್ಣು ವೈದ್ಯರು ಬೇಕು ಅಂದರೆ ನಾಚಿಕೆ ಪಡದೆ ಕೇಳಿ, ಸಾಧ್ಯವಾದ ಕಡೆ ಕೊಡುತ್ತಾರೆ. ಒಳಗಿನ ಪರೀಕ್ಷೆ ಮೊದಲ ದಿನವೇ ಆಗಬೇಕು ಅಂತೇನಿಲ್ಲ.

ಬಿಪಿ, ಶುಗರ್ ಮಾತ್ರೆ ದಾರಿಯಲ್ಲೇ ಮುಗಿದುಹೋಯಿತು. ಏನು ಮಾಡಲಿ?

ಅವತ್ತೇ ಹೇಳಿ, ಕಾಯಬೇಡಿ. ನಿರಾಶ್ರಿತರು ಅಂದರೆ ಸೋಂಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಸಿರಿಯಾ, ಇರಾಕ್, ಉಕ್ರೇನ್‌ನಿಂದ ಬಂದ ಹಿರಿಯರಲ್ಲಿ ನಾವು ಜಾಸ್ತಿ ಕಾಣುವುದು ಬಿಪಿ, ಶುಗರ್, ಹೃದಯದ ತೊಂದರೆ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಡಬ್ಬ, ಅದೂ ಇಲ್ಲದಿದ್ದರೆ ಫೋನಿನಲ್ಲಿರುವ ಫೋಟೊ ಸಾಕು.

ಇವರಿಂದ ನಮಗೆ ಕಾಯಿಲೆ ಬರುತ್ತದಾ?

ನೆರೆಯವರು ಕೇಳುವ ಪ್ರಶ್ನೆ. ಕೇಳಿದ್ದಕ್ಕೆ ಸಿಟ್ಟಾಗಬೇಡಿ, ಉತ್ತರ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರ ವರದಿಯಲ್ಲಿ ಇದನ್ನೇ ನೋಡಿತು. ಬಂದವರಿಂದ ಅಲ್ಲಿನ ಜನರಿಗೆ ಸೋಂಕು ಹರಡುವ ಅಪಾಯ ತೀರಾ ಕಡಿಮೆ ಅಂದಿತು. ಬಂದವರೇ ಇಕ್ಕಟ್ಟಾದ ಮನೆ, ಬದಲಾದ ಊಟದಿಂದ ಕಾಯಿಲೆ ಬೀಳುವ ಸಂಭವ ಹೆಚ್ಚು.

ಯಾವುದಾದರೂ ಪರೀಕ್ಷೆ ಬೇಡ ಅನ್ನಬಹುದಾ? ಫಲಿತಾಂಶ ಯಾರಿಗೆಲ್ಲ ಗೊತ್ತಾಗುತ್ತದೆ?

ಬಂದ ಮೇಲಿನ ತಪಾಸಣೆಯಲ್ಲಿ ಬೇಡ ಅನ್ನಬಹುದು. ಇವತ್ತು ಬೇಡ, ಮುಂದಿನ ವಾರ ಅಂತಲೂ ಅನ್ನಬಹುದು. ಫಲಿತಾಂಶ ಅವರಿಗೆ ಮತ್ತು ಅವರ ವೈದ್ಯರಿಗೆ. ಮನೆ ಮಾಲೀಕರಿಗೆ, ಕೆಲಸ ಕೊಡುವವರಿಗೆ, ಸ್ವಯಂಸೇವಕರಿಗೆ ಅಲ್ಲ. ಹರಡುವ ಟಿಬಿಯಂಥ ಕೆಲವು ಕಾಯಿಲೆಗಳನ್ನು ಆರೋಗ್ಯ ಇಲಾಖೆಗೆ ತಿಳಿಸಬೇಕೆನ್ನುವ ಕಾನೂನು ಅನೇಕ ದೇಶಗಳಲ್ಲಿದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿ.

ನಾನು ಜೊತೆಗೆ ಹೋಗುವ ಸ್ವಯಂಸೇವಕ. ನಾನೇನು ಮಾಡಲಿ?

ಹಿಂದಿನ ದಿನ ಫೋನ್ ಮಾಡಿ, ದುಭಾಷಿ ಗೊತ್ತಾಗಿದ್ದಾರಾ, ಯಾವ ಭಾಷೆಗೆ ಅಂತ ಕೇಳಿ. ಬಸ್ಸಿನ ದಾರಿಯನ್ನು ಒಂದು ಸಲ ಅವರ ಜೊತೆ ಹೋಗಿ ತೋರಿಸಿ. ಮಕ್ಕಳಿಗೆ ತಿನ್ನಲು ಏನಾದರೂ ಇಟ್ಟುಕೊಳ್ಳಿ, ಮೂರು ನಾಲ್ಕು ಗಂಟೆ ಆಗುತ್ತದೆ. ತಪಾಸಣೆ ಕೋಣೆಯ ಒಳಗೆ ಅವರು ಕರೆದರೆ ಮಾತ್ರ ಹೋಗಿ. ಹೊರಗೆ ಬರುವಾಗ ಮುಂದಿನ ಭೇಟಿಯ ದಿನ, ಮಾತ್ರೆ ಚೀಟಿ, ಫಲಿತಾಂಶದ ಪ್ರತಿ, ಮೂರೂ ಅವರ ಕೈಯಲ್ಲಿ ಇವೆಯಾ ನೋಡಿ. ಎರಡು ವಾರ ಬಿಟ್ಟು ಮತ್ತೆ ವಿಚಾರಿಸಿ. ತಪಾಸಣೆ ಮುಗಿದು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂತ ಚೀಟಿ ಸಿಕ್ಕು, ಆ ಚೀಟಿ ಫ್ರಿಜ್ಜಿನ ಬಾಗಿಲಲ್ಲೇ ಉಳಿದುಬಿಟ್ಟಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಲ್ಲಿಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಫೋನನ್ನು ಅವರ ಪಕ್ಕದಲ್ಲಿ ಕೂತು ನೀವೇ ಮಾಡಿ, ಎರಡನೆಯದನ್ನು ಅವರೇ ಮಾಡಲಿ.